ಮನೆಯವರಿಗೆ ಕೊನೆಯ ಪಂಕ್ತಿ

ವಿಮಾನ ಸಂಸ್ಥೆಯ ನೌಕರರಿಗೆ ಸಿಗುವ ‘ಪುಕ್ಕಟೆ’ ವಿದೇಶ ಪ್ರಯಾಣದ ಒಳಗುಟ್ಟೇನು? ಆ ಆಸೆಯಿಂದ ಈ ಉದ್ಯೋಗ ಬಯಸುವ ವಿದ್ಯಾರ್ಥಿಗಳೂ ಅವರ ತಂದೆ ತಾಯಿಯರೂ ತಿಳಿದಿರಬೇಕಾದ ಕೆಲವು ಸಂಗತಿಗಳು

ಮದುವೆ ಮನೆಯ ಊಟದ ಕ್ರಮ ಎಲ್ಲರಿಗೂ ಗೊತ್ತಿರುವಂಥದು. ಮೊದಲ ಪಂಕ್ತಿ ಬೀಗರಿಗೆ, ಮುಂದಿನದು ನೆಂಟರಿಷ್ಟರಿಗೆ, ಆಮೇಲೆ ಊರವರಿಗೆ. ಬೆಳಗಿನಿಂದ ಓಡಾಡಿ ದಣಿದ ಮನೆಯವರು ಎಲೆಯ ಮುಂದೆ ಕೂರುವುದು ಕಟ್ಟಕಡೆಗೆ. ಅಷ್ಟು ಹೊತ್ತಿಗೆ ಹೋಳಿಗೆ ಉಳಿದಿದ್ದರೆ ಪುಣ್ಯ, ಇಲ್ಲದಿದ್ದರೆ ಅನ್ನ ಸಾರು. ಇದಕ್ಕಾಗಿ ಯಾರೂ ಮುನಿಸಿಕೊಳ್ಳುವುದಿಲ್ಲ. ಮನೆಯವರೆಂದ ಮೇಲೆ ಅದೇ ರೀತಿ, ಅದೇ ಮರ್ಯಾದೆ.

ವಿಮಾನ ಸಂಸ್ಥೆಯ ನೌಕರರು ಉಚಿತವಾಗಿ ಅಥವಾ ಅಲ್ಪ ದರದಲ್ಲಿ ದೇಶ ವಿದೇಶ ಸುತ್ತುವ ಸೌಲಭ್ಯವೂ ಹೆಚ್ಚುಕಡಿಮೆ ಇದೇ ಕ್ರಮದ್ದು. ಹಣ ಕೊಟ್ಟವರೆಲ್ಲ ಕೂತಾದ ಮೇಲೆ ಸೀಟು ಉಳಿದಿದ್ದರೆ ಅವರಿಗೆ, ಇಲ್ಲದಿದ್ದರೆ ಮುಂದಿನ ವಿಮಾನ. ಇದಕ್ಕೆ ವಿಮಾನಯಾನದ ಭಾಷೆಯಲ್ಲಿ ‘ಸ್ಟ್ಯಾಂಡ್‌ಬೈ’ ಎನ್ನುತ್ತಾರೆ. ಕಾಯುವುದೇ ಇದರ ಮೊದಲ ಷರತ್ತು.

ಹೊರಗಿನಿಂದ ನೋಡುವವರ ಕಣ್ಣಿಗೆ ಬೀಳುವ ಚಿತ್ರ ಬೇರೆ. “ಅವರ ಮಗಳಿಗೇನ್ರೀ, ಏರ್‌ಲೈನ್ಸ್‌ನಲ್ಲಿದ್ದಾಳೆ. ಅಪ್ಪ ಅಮ್ಮ ಲಂಡನ್ನು, ಪ್ಯಾರಿಸ್ಸು ಅಂತ ಬಿಟ್ಟಿಯಾಗಿ ಸುತ್ತುತ್ತಾರೆ” ಎಂಬ ಮಾತು ನಮ್ಮ ಬಡಾವಣೆಗಳಲ್ಲಿ ಅಪರೂಪವೇನಲ್ಲ. ಪಿಯುಸಿ ಮುಗಿಸಿದ ಮಕ್ಕಳ ಮನಸ್ಸಿನಲ್ಲಿ ಗಗನಸಖಿಯ ಕೆಲಸವೆಂದರೆ ಲೋಕ ಸಂಚಾರ ಎಂಬ ಕನಸೂ ಬೆರೆತಿರುತ್ತದೆ. ಸಾಲ ಮಾಡಿಯಾದರೂ ತರಬೇತಿಯ ಶುಲ್ಕ ಕಟ್ಟಲು ಪಾಲಕರು ಸಿದ್ಧರಾಗುತ್ತಾರೆ. ಹಾಗೆ ಹಣ ಕಟ್ಟುವ ಮುನ್ನ ಈ ಸೌಲಭ್ಯದ ನಿಜ ರೂಪವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಇಲ್ಲಿ ನೌಕರನಿಗೆ ಸಿಗುವುದು ಪ್ರಯಾಣವಲ್ಲ, ಖಾಲಿ ಸೀಟಿನ ಮೇಲೆ ಒಂದು ಸಣ್ಣ ಹಕ್ಕು. ಎರಡಕ್ಕೂ ಇರುವ ಅಂತರ ದೊಡ್ಡದು.

ಖಾಲಿ ಸೀಟಿನ ಲೆಕ್ಕಾಚಾರ

ವಿಮಾನದ ಸೀಟು ಸಂತೆಯ ಸೊಪ್ಪಿನ ಹಾಗೆ. ಸಂಜೆಯೊಳಗೆ ಮಾರಾಟವಾಗದ ಸೊಪ್ಪಿಗೆ ಬೆಲೆಯಿಲ್ಲ. ಬಾಗಿಲು ಮುಚ್ಚಿ ವಿಮಾನ ಹೊರಟಿತೆಂದರೆ ಖಾಲಿ ಉಳಿದ ಸೀಟು ವ್ಯರ್ಥವಾದಂತೆಯೇ. ಅದರಲ್ಲಿ ತನ್ನದೇ ನೌಕರನೊಬ್ಬ ಕುಳಿತರೆ ಸಂಸ್ಥೆಗೆ ತಗಲುವ ಹೆಚ್ಚಿನ ಖರ್ಚು ಅಲ್ಪವೇ. ನೌಕರನಿಗೋ ಅದು ಸಂಬಳಕ್ಕಿಂತ ಸಿಹಿಯಾದ ಕೊಡುಗೆ. ಈ ಸರಳ ಲೆಕ್ಕದ ಮೇಲೆ ಜಗತ್ತಿನಾದ್ಯಂತ ಈ ಪದ್ಧತಿ ಬೆಳೆದು ಬಂದಿದೆ.

ಒಂದು ಸಂಸ್ಥೆಯ ವಿಮಾನಗಳು ಎಲ್ಲ ದೇಶಗಳಿಗೂ ಹೋಗುವುದಿಲ್ಲವಲ್ಲ! ಆದ್ದರಿಂದ ಸಂಸ್ಥೆಗಳು ತಮ್ಮ ತಮ್ಮಲ್ಲೇ ಒಪ್ಪಂದ ಮಾಡಿಕೊಂಡಿವೆ. ನಿಮ್ಮವರನ್ನು ನಾವು ಕೂರಿಸಿಕೊಳ್ಳುತ್ತೇವೆ, ನಮ್ಮವರನ್ನು ನೀವು ಕೂರಿಸಿಕೊಳ್ಳಿ ಎಂಬ ಕೊಡು-ಕೊಳ್ಳುವಿಕೆ ಇದು. ಇಂಥ ಟಿಕೆಟ್ಟುಗಳಿಗೆ ‘ಐಡಿ’ ಎಂಬ ಗುರುತು ಇದೆ. ಐಡಿ-90 ಎಂದರೆ ದರದಲ್ಲಿ ನೂರಕ್ಕೆ 90ರಷ್ಟು ರಿಯಾಯಿತಿ, ಐಡಿ-50 ಎಂದರೆ ಅರ್ಧ ದರ. ಇದಲ್ಲದೆ ‘ಜೆಡ್’ ಎಂದು ಕರೆಯುವ, ಪ್ರಯಾಣದ ದೂರಕ್ಕೆ ತಕ್ಕಂತೆ ನಿಗದಿಯಾದ ದರಗಳೂ ಬಳಕೆಯಲ್ಲಿವೆ. ರಿಯಾಯಿತಿ ಎಷ್ಟೇ ಇರಲಿ, ಸರ್ಕಾರದ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕಗಳನ್ನು ಸಾಮಾನ್ಯವಾಗಿ ನೌಕರನೇ ತೆರಬೇಕಾಗುತ್ತದೆ. ದೂರದ ದೇಶಗಳ ವಿಷಯದಲ್ಲಿ ಈ ಮೊತ್ತವೇ ಸಾವಿರಾರು ರೂಪಾಯಿಗಳಾಗುವುದುಂಟು. ‘ಪುಕ್ಕಟೆ’ ಎಂಬ ಪದ ಇಲ್ಲಿಯೇ ಸ್ವಲ್ಪ ಸೊರಗುತ್ತದೆ.

ಸೌಲಭ್ಯ ನೌಕರನೊಬ್ಬನಿಗೇ ಸೀಮಿತವಲ್ಲ. ಗಂಡ ಅಥವಾ ಹೆಂಡತಿ, ನಿಗದಿತ ವಯಸ್ಸಿನವರೆಗಿನ ಮಕ್ಕಳು, ಬಹಳಷ್ಟು ಸಂಸ್ಥೆಗಳಲ್ಲಿ ತಂದೆ ತಾಯಿ ಕೂಡ ಇದರ ಫಲಾನುಭವಿಗಳು. ಅಮೆರಿಕದ ಆದಾಯ ತೆರಿಗೆ ಕಾನೂನಿನಲ್ಲಿ ಒಂದು ಸ್ವಾರಸ್ಯವಿದೆ. ಸಂಸ್ಥೆಯು ಹೆಚ್ಚಿನ ಖರ್ಚಿಲ್ಲದೆ ನೌಕರರಿಗೆ ಒದಗಿಸುವ ಸೇವೆಗೆ ಅಲ್ಲಿ ತೆರಿಗೆ ಇಲ್ಲ. ಈ ವಿನಾಯಿತಿ ನೌಕರನಿಗೂ ಆತನ ಹೆಂಡತಿ ಮಕ್ಕಳಿಗೂ ಅನ್ವಯಿಸುತ್ತದೆ. ಆದರೆ ವಿಮಾನ ಪ್ರಯಾಣಕ್ಕೆ ಮಾತ್ರ ವಿಶೇಷವಾಗಿ ತಂದೆ ತಾಯಿಯರನ್ನೂ ಸೇರಿಸಲಾಗಿದೆ. ಮಕ್ಕಳ ದುಡಿಮೆಯ ಫಲವಾಗಿ ಹೆತ್ತವರು ವಿಮಾನ ಹತ್ತುವುದನ್ನು ಅಷ್ಟು ದೊಡ್ಡ ದೇಶದ ತೆರಿಗೆ ಕಾನೂನೂ ಮನ್ನಿಸಿದೆ!

ಕರೆ ಬರುವ ತನಕ

ಟಿಕೆಟ್ಟು ಕೈಗೆ ಬಂದ ಮಾತ್ರಕ್ಕೆ ಸೀಟು ಸಿಕ್ಕಂತಲ್ಲ. ಮೊದಲು ಆ ದಿನದ ವಿಮಾನಕ್ಕೆ ಹೆಸರು ಬರೆಸಬೇಕು. ಯಾವ ವಿಮಾನದಲ್ಲಿ ಎಷ್ಟು ಸೀಟು ಖಾಲಿ ಇರಬಹುದೆಂದು ಇಂದು ಕಂಪ್ಯೂಟರಿನಲ್ಲಿ ಮುಂಚಿತವಾಗಿ ನೋಡಿಕೊಳ್ಳಬಹುದು. ಆದರೂ ಅದು ಪಂಚಾಂಗದ ಮಳೆ ಇದ್ದ ಹಾಗೆ, ಬಂದರೆ ಬಂತು. ನಿಲ್ದಾಣಕ್ಕೆ ಹೋಗಿ ಹಾಜರಿ ಹಾಕಿದ ಮೇಲೆ ಕಾಯುವ ಪಟ್ಟಿಯಲ್ಲಿ ಹೆಸರು ಕಾಣುತ್ತದೆ. ಹಣ ಕೊಟ್ಟ ಪ್ರಯಾಣಿಕರೆಲ್ಲ ಬಂದರೆ, ಯಾರು ಬರಲಿಲ್ಲ ಎಂಬ ಲೆಕ್ಕ ಮುಗಿದ ಬಳಿಕ, ಹೊರಡುವ ಹೊತ್ತು ಹತ್ತಿರವಾದಾಗ ಹೆಸರು ಕೂಗುತ್ತಾರೆ.

ಪಟ್ಟಿಯಲ್ಲೂ ಮೇಲು ಕೆಳಗುಂಟು. ಸಾಮಾನ್ಯವಾಗಿ ಆಯಾ ಸಂಸ್ಥೆಯ ಸ್ವಂತ ನೌಕರರು ಮೊದಲು, ಬೇರೆ ಸಂಸ್ಥೆಯವರು ಕೊನೆಗೆ. ಒಂದೇ ದರ್ಜೆಯವರಾದರೆ ಕೆಲವು ಕಡೆ ಸೇವಾ ಹಿರಿತನ, ಇನ್ನು ಕೆಲವು ಕಡೆ ಯಾರು ಮೊದಲು ಹಾಜರಿ ಹಾಕಿದರು ಎಂಬುದು ಮುಖ್ಯ. ನಿನ್ನೆ ಮೊನ್ನೆ ಸೇರಿದ ಹುಡುಗಿಯ ತಂದೆ ತಾಯಿ ಇಪ್ಪತ್ತು ವರ್ಷ ಸೇವೆ ಸಲ್ಲಿಸಿದವರ ಹಿಂದೆ ನಿಲ್ಲಬೇಕಾದದ್ದು ಸಹಜ.

ಮಧ್ಯಾಹ್ನ ಹತ್ತು ಸೀಟು ಖಾಲಿ ಇದ್ದ ವಿಮಾನ ಸಂಜೆಗೆ ತುಂಬಿಹೋಗಬಹುದು. ಹಿಂದಿನ ವಿಮಾನ ರದ್ದಾದರೆ ಅದರ ಪ್ರಯಾಣಿಕರೆಲ್ಲ ಇದಕ್ಕೆ ಬಂದು ಸೇರುತ್ತಾರೆ. ಮತ್ತೊಂದು ವಿಚಿತ್ರವೂ ಉಂಟು. ಸೀಟುಗಳು ಕಣ್ಣೆದುರೇ ಖಾಲಿ ಇದ್ದರೂ ಹತ್ತಿಸಿಕೊಳ್ಳದಿರಬಹುದು. ಇದಕ್ಕೆ ಕಾರಣ ತೂಕ. ಅತಿ ದೂರದ ಯಾನಕ್ಕೆ ಇಂಧನವೇ ಟನ್ನುಗಟ್ಟಲೆ ಬೇಕು. ಎದುರು ಗಾಳಿ ಜೋರಾಗಿದ್ದರೆ ಇನ್ನಷ್ಟು ಬೇಕು. ವಿಮಾನ ಮೇಲೇರಬಲ್ಲ ತೂಕಕ್ಕೆ ಮಿತಿ ಇರುವುದರಿಂದ ಜನರನ್ನೋ ಸರಕನ್ನೋ ಕಡಿಮೆ ಮಾಡಬೇಕಾಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಬೆಂಗಳೂರಿನ ನಡುವೆ ನೇರ ಯಾನ ಆರಂಭಿಸಿದಾಗ ಆ ಎರಡು ಊರುಗಳ ನಡುವಿನ ನೇರ ದೂರವೇ ಸುಮಾರು 14 ಸಾವಿರ ಕಿಲೋಮೀಟರು. ಅಷ್ಟು ದೂರದ ಯಾನಗಳಲ್ಲಿ ಒಬ್ಬೊಬ್ಬರ ತೂಕಕ್ಕೂ ಲೆಕ್ಕವಿದೆ. ಆ ಲೆಕ್ಕದಲ್ಲಿ ಮೊದಲು ಕೆಳಗುಳಿಯುವವರು ಸ್ಟ್ಯಾಂಡ್‌ಬೈ ಮಂದಿ.

ಈ ಕೊನೆಯ ಪಂಕ್ತಿಗೂ ಒಂದು ಅಪವಾದ ಇದೆ. ಬೇರೊಂದು ಊರಿನಿಂದ ವಿಮಾನ ನಡೆಸಬೇಕಾದ ಪೈಲಟ್ಟು, ಗಗನಸಖಿಯರನ್ನು ಪ್ರಯಾಣಿಕರ ಸೀಟಿನಲ್ಲಿ ಕಳುಹಿಸುವುದುಂಟು. ಅವರದು ರಜೆಯ ವಿಹಾರವಲ್ಲ, ಕರ್ತವ್ಯ. ಇನ್ನೊಂದು ಮದುವೆಗೆ ಹೋಗಬೇಕಾದ ಅಡುಗೆಯವರನ್ನು ಮೊದಲೇ ಊಟಕ್ಕೆ ಕೂರಿಸಿದ ಹಾಗೆ ಅವರಿಗೆ ಸೀಟು ಖಚಿತ. ಇದನ್ನು ನಾಜೂಕಿಲ್ಲದೆ ಮಾಡಹೋಗಿ 2017ರ ಏಪ್ರಿಲ್ 9ರಂದು ಅಮೆರಿಕದಲ್ಲಿ ದೊಡ್ಡ ರಾದ್ಧಾಂತವೇ ಆಯಿತು. ಷಿಕಾಗೊದಿಂದ ಲೂಯಿವಿಲ್‌ಗೆ ಹೊರಟಿದ್ದ ಯುನೈಟೆಡ್ ಸಂಸ್ಥೆಯ ವಿಮಾನದಲ್ಲಿ ನಾಲ್ವರು ಸಿಬ್ಬಂದಿಗೆ ಜಾಗ ಮಾಡಲು, ಆಗಲೇ ಕುಳಿತಿದ್ದ ವೈದ್ಯರೊಬ್ಬರನ್ನು ನಿಲ್ದಾಣದ ಭದ್ರತಾ ಅಧಿಕಾರಿಗಳು ದರದರನೆ ಎಳೆದೊಯ್ದರು. ಆ ದೃಶ್ಯವನ್ನು ಜಗತ್ತೇ ನೋಡಿತು. ಕರ್ತವ್ಯದ ಮೇಲೆ ಹೋಗುವ ಸಿಬ್ಬಂದಿ ವಿಮಾನ ಹೊರಡುವ ಕನಿಷ್ಠ 60 ನಿಮಿಷ ಮುಂಚೆ ಸೀಟು ಪಡೆದಿರಬೇಕೆಂದು ಸಂಸ್ಥೆ ಬಳಿಕ ನಿಯಮ ಬದಲಿಸಿತು.

ಪರದೇಶದಲ್ಲಿ ಉಳಿದರೆ?

ದೇಶದೊಳಗಿನ ಪ್ರಯಾಣದಲ್ಲಿ ಸೀಟು ತಪ್ಪಿದರೆ ರೈಲಿದೆ, ಬಸ್ಸಿದೆ. ಹುಬ್ಬಳ್ಳಿಗೆ ಹೋಗಬೇಕಾದವರು ರಾತ್ರಿ ಬಸ್ಸು ಹಿಡಿಯಬಹುದು. ವಿದೇಶದಲ್ಲಿ ಆ ಅನುಕೂಲವಿಲ್ಲ. ಮಗನ ಪದವಿ ಪ್ರದಾನಕ್ಕೆಂದು ಹೊರಟ ತಂದೆ ತಾಯಿ ಯುರೋಪಿನ ಯಾವುದೋ ನಿಲ್ದಾಣದಲ್ಲಿ ಮುಂದಿನ ವಿಮಾನಕ್ಕೆ ಸೀಟು ಸಿಗದೆ ಉಳಿದರೆಂದು ಭಾವಿಸಿ. ಹೊರಗೆ ಹೋಗಿ ಹೋಟೆಲಿನಲ್ಲಿ ತಂಗಲು ಆ ದೇಶದ ವೀಸಾ ಬೇಕು. ಅದಿಲ್ಲದಿದ್ದರೆ ನಿಲ್ದಾಣದ ಕುರ್ಚಿಯೇ ಗತಿ. ಹಿಂದಿರುಗುವಾಗ ಸೀಟು ಸಿಗದೆ ದಿನಗಳು ಉರುಳಿದರೆ ವೀಸಾದ ಅವಧಿಯೇ ಮುಗಿದುಹೋಗುವ ಅಪಾಯವೂ ಇದೆ. “ಸೀಟು ಸಿಗಲಿಲ್ಲ ಸ್ವಾಮಿ” ಎಂಬ ಸಮಜಾಯಿಷಿಗೆ ವಲಸೆ ಅಧಿಕಾರಿಗಳ ಮುಂದೆ ಹೆಚ್ಚು ಬೆಲೆ ಇಲ್ಲ.

ಸಾಮಾನ್ಯ ಪ್ರಯಾಣಿಕನಿಗೆ ಇರುವ ರಕ್ಷಣೆಯೂ ಇಲ್ಲಿ ಇರುವುದಿಲ್ಲ. ವಿಮಾನ ರದ್ದಾದರೆ ಅಥವಾ ಬಹಳ ತಡವಾದರೆ ಊಟ, ವಸತಿ, ಪರಿಹಾರಗಳನ್ನು ಕೊಡಿಸುವ ಯುರೋಪಿನ 2004ರ ಪ್ರಸಿದ್ಧ ನಿಯಮವನ್ನೇ ನೋಡಿ. ಪುಕ್ಕಟೆಯಾಗಿ ಅಥವಾ ಸಾರ್ವಜನಿಕರಿಗೆ ಲಭ್ಯವಿಲ್ಲದ ರಿಯಾಯಿತಿ ದರದಲ್ಲಿ ಪ್ರಯಾಣಿಸುವವರಿಗೆ ಅದು ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಸ್ಪಷ್ಟವಾಗಿ ಬರೆದಿದೆ. ನ್ಯಾಯವೇ ಅನ್ನಿ. ಕಡಿಮೆ ಕೊಟ್ಟವನು ಕಡಿಮೆ ಕೇಳಬೇಕು. ಆದರೆ ಅರವತ್ತು ದಾಟಿದ, ರಕ್ತದೊತ್ತಡದ ಮಾತ್ರೆ ನುಂಗುವ, ಇಂಗ್ಲಿಷ್ ಸರಾಗವಾಗಿ ಬಾರದ ತಾಯಿಯನ್ನು ಒಂಟಿಯಾಗಿ ಇಂಥ ಪ್ರಯಾಣಕ್ಕೆ ಕಳುಹಿಸುವ ಮುನ್ನ ಮಕ್ಕಳು ಎರಡು ಸಲ ಯೋಚಿಸಬೇಕು.

ನಡೆ ನುಡಿಯ ಕಟ್ಟುಪಾಡುಗಳೂ ಇವೆ. ನೌಕರನ ಪಾಸಿನಲ್ಲಿ ಹೋಗುವವರು ಸಂಸ್ಥೆಯ ಪ್ರತಿನಿಧಿಗಳಿದ್ದಂತೆ ಎಂದು ಪರಿಗಣಿಸುವುದರಿಂದ ಉಡುಪಿಗೂ ನಿಯಮ. 2017ರ ಮಾರ್ಚ್‌ನಲ್ಲಿ ಡೆನ್ವರ್ ನಿಲ್ದಾಣದಲ್ಲಿ ಇಂಥ ಪಾಸಿನಲ್ಲಿ ಹೊರಟಿದ್ದ ಇಬ್ಬರು ಹದಿಹರೆಯದ ಹುಡುಗಿಯರನ್ನು, ಅವರು ಲೆಗ್ಗಿಂಗ್ಸ್ ತೊಟ್ಟಿದ್ದರೆಂಬ ಕಾರಣಕ್ಕೆ ಯುನೈಟೆಡ್ ಸಂಸ್ಥೆ ವಿಮಾನ ಹತ್ತಲು ಬಿಡಲಿಲ್ಲ. ಅದೇ ಉಡುಪಿನಲ್ಲಿ ಹಣ ಕೊಟ್ಟು ಬಂದ ಪ್ರಯಾಣಿಕರಿಗೆ ಯಾವ ಅಡ್ಡಿಯೂ ಇರಲಿಲ್ಲ. ಈ ಬಗ್ಗೆ ಪರ ವಿರೋಧದ ಚರ್ಚೆ ಸಾಕಷ್ಟು ನಡೆಯಿತು. ಕೌಂಟರಿನಲ್ಲಿ ಜಗಳವಾಡುವುದು, ಪಾಸನ್ನು ಪರಿಚಿತರಿಗೆ ಹಣಕ್ಕೆ ಮಾರುವುದು ಇವಂತೂ ಅಪರಾಧವೇ. ಅಪ್ಪನೋ ತಮ್ಮನೋ ಸಿಟ್ಟಿನಲ್ಲಿ ಆಡಿದ ಒಂದು ಮಾತಿನ ಫಲವನ್ನು ಕೆಲಸದಲ್ಲಿರುವ ಮಗಳು ಉಣ್ಣಬೇಕಾಗಬಹುದು.

ಮಡಚುವ ಸೀಟಿನ ಹೊಣೆ

ಪ್ರಯಾಣಿಕರ ಸೀಟುಗಳೆಲ್ಲ ತುಂಬಿದ ಮೇಲೂ ವಿಮಾನದಲ್ಲಿ ಕೆಲವು ಸೀಟು ಉಳಿದಿರುತ್ತವೆ. ಬಾಗಿಲ ಬಳಿ ಗೋಡೆಗೆ ಮಡಚಿಟ್ಟ, ಗಗನಸಖಿಯರು ಕೂರುವ ಸೀಟುಗಳು ಹಾಗೂ ಕಾಕ್‌ಪಿಟ್‌ನಲ್ಲಿ ಪೈಲಟ್‌ಗಳ ಬೆನ್ನ ಹಿಂದೆ ಇರುವ ಒಂದೋ ಎರಡೋ ಸೀಟುಗಳು. ಇವಕ್ಕೆ ‘ಜಂಪ್ ಸೀಟ್’ ಎಂದು ಹೆಸರು. ಕುದುರೆ ಸಾರೋಟಿನ ಕಾಲದಿಂದ ಬಂದ ಪದ ಇದು. ಕೆಲವು ಸಂಸ್ಥೆಗಳು ತಮ್ಮ ತರಬೇತಾದ ಸಿಬ್ಬಂದಿಗೆ ಈ ಸೀಟುಗಳಲ್ಲಿ ಪ್ರಯಾಣಿಸಲು ಬಿಡುತ್ತವೆ. ಒರಗಲು ಆಗದು, ಕಾಲು ಚಾಚಲು ಆಗದು. ಹತ್ತು ಹನ್ನೆರಡು ಗಂಟೆಯ ಯಾನದಲ್ಲಿ ಇದೊಂದು ತಪಸ್ಸೇ ಸರಿ. ನೌಕರರ ಬಂಧುಗಳಿಗಂತೂ ಈ ಸೀಟು ಇಲ್ಲ. ತುರ್ತು ಸಮಯದಲ್ಲಿ ಬಾಗಿಲು ತೆರೆಯಬೇಕಾದ ಜಾಗದಲ್ಲಿ ಅದನ್ನು ತೆರೆಯಲು ಬಲ್ಲವರೇ ಕುಳಿತಿರಬೇಕಲ್ಲವೇ?

ಕಾಕ್‌ಪಿಟ್‌ನ ಸೀಟಿನ ಮಾತು ಇನ್ನೂ ಗಂಭೀರ. ಅಲ್ಲಿ ಯಾರು ಕೂರಬೇಕೆಂಬುದಕ್ಕೆ ಸರ್ಕಾರದ ನಿಯಮಗಳಿವೆ. ಅವುಗಳ ಮೇಲೆ ಕ್ಯಾಪ್ಟನ್‌ನ ಒಪ್ಪಿಗೆಯೂ ಬೇಕು. ಅಮೆರಿಕದಲ್ಲಿ 1981ರಿಂದ ಇರುವ ನಿಯಮದಂತೆ, 10 ಸಾವಿರ ಅಡಿಗಿಂತ ಕೆಳಗೆ ಹಾರುತ್ತಿರುವಾಗ ಕಾಕ್‌ಪಿಟ್‌ನಲ್ಲಿ ಕೆಲಸಕ್ಕೆ ಸಂಬಂಧಿಸದ ಮಾತು ನಿಷಿದ್ಧ.

ಹೆಚ್ಚುವರಿ ಪೈಲಟ್ ಒಬ್ಬ ವಿಮಾನದಲ್ಲಿ ಇದ್ದುದರಿಂದ ಒಳಿತಾದ ಪ್ರಸಂಗಗಳಿವೆ. 1989ರ ಜುಲೈ 19ರಂದು ಡೆನ್ವರ್‌ನಿಂದ ಷಿಕಾಗೊಗೆ ಹೊರಟಿದ್ದ ಯುನೈಟೆಡ್ ಸಂಸ್ಥೆಯ ಡಿಸಿ-10 ವಿಮಾನದ ಬಾಲದ ಎಂಜಿನ್ ಸಿಡಿದು, ವಿಮಾನವನ್ನು ನಿಯಂತ್ರಿಸುವ ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ಕೈಕೊಟ್ಟವು. ಅದೇ ಮಾದರಿಯ ವಿಮಾನದಲ್ಲಿ ಇತರ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದ ಡೆನ್ನಿಸ್ ಫಿಚ್ ಅಂದು ಕೆಲಸ ಮುಗಿಸಿ ಪ್ರಯಾಣಿಕನಾಗಿ ಮನೆಗೆ ಮರಳುತ್ತಿದ್ದರು. ನೆರವಾಗಲು ಮುಂದೆ ಬಂದ ಅವರು ಪೈಲಟ್‌ಗಳ ನಡುವೆ ಮಂಡಿಯೂರಿ, ಉಳಿದ ಎರಡು ಎಂಜಿನ್‌ಗಳ ವೇಗವನ್ನು ಹೆಚ್ಚು ಕಡಿಮೆ ಮಾಡುತ್ತ ವಿಮಾನದ ದಿಕ್ಕನ್ನು ಹಿಡಿತದಲ್ಲಿಟ್ಟರು. ಸೂ ಸಿಟಿಯಲ್ಲಿ ಇಳಿಯುವಾಗ ವಿಮಾನ ಛಿದ್ರವಾಯಿತು. ಅದರಲ್ಲಿದ್ದ 296 ಜನರಲ್ಲಿ 112 ಮಂದಿ ಸತ್ತರು, 184 ಮಂದಿ ಬದುಕಿದರು. ಒಬ್ಬರೂ ಬದುಕುವ ಭರವಸೆ ಇರದಿದ್ದ ಸನ್ನಿವೇಶವದು.

ಇಂಡೊನೇಷ್ಯದಲ್ಲಿ 2018ರ ಅಕ್ಟೋಬರ್ 28ರಂದು ಬಾಲಿಯಿಂದ ಜಕಾರ್ತಕ್ಕೆ ಹೊರಟ ಲಯನ್ ಏರ್ ಸಂಸ್ಥೆಯ ಬೋಯಿಂಗ್ 737 ಮ್ಯಾಕ್ಸ್ ವಿಮಾನದ ಮೂತಿ ತಾನೇ ತಾನಾಗಿ ಕೆಳಗೆ ಬಾಗತೊಡಗಿತು. ಕಾಕ್‌ಪಿಟ್‌ನ ಹೆಚ್ಚುವರಿ ಸೀಟಿನಲ್ಲಿ ಅಂದು ಇನ್ನೊಬ್ಬ ಪೈಲಟ್ ಇದ್ದರು. ವಿಮಾನ ನಡೆಸುವವರ ಕೈ ತುಂಬ ಕೆಲಸವಿದ್ದಾಗ ಪರಿಸ್ಥಿತಿಯನ್ನು ಗಮನಿಸಲು ಇನ್ನೊಂದು ಜೊತೆ ಕಣ್ಣುಗಳಿದ್ದವು. ಬಾಲದ ರೆಕ್ಕೆಯನ್ನು ತಿರುಗಿಸುವ ಮೋಟರಿನ ಸ್ವಿಚ್ಚನ್ನು ಆರಿಸಿ ಸಿಬ್ಬಂದಿ ವಿಮಾನವನ್ನು ಸುರಕ್ಷಿತವಾಗಿ ಇಳಿಸಿದರು. ಮರುದಿನ ಬೇರೆ ಇಬ್ಬರು ಪೈಲಟ್‌ಗಳೊಡನೆ ಹೊರಟ ಅದೇ ವಿಮಾನ ಸಮುದ್ರಕ್ಕೆ ಬಿದ್ದು 189 ಜನ ಪ್ರಾಣ ಕಳೆದುಕೊಂಡರು.

ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. 1994ರ ಏಪ್ರಿಲ್ 7ರಂದು ಅಮೆರಿಕದ ಫೆಡ್‌ಎಕ್ಸ್ ಸರಕು ವಿಮಾನದಲ್ಲಿ ಸಹೋದ್ಯೋಗಿ ಎಂಬ ನಂಬಿಕೆಯಿಂದ ಕೂರಿಸಿಕೊಂಡಿದ್ದ ನೌಕರನೇ ಸುತ್ತಿಗೆಯಿಂದ ಸಿಬ್ಬಂದಿಯ ಮೇಲೆರಗಿದ. ತೀವ್ರವಾಗಿ ಗಾಯಗೊಂಡ ಮೂವರೂ ಸೆಣಸಾಡಿ ವಿಮಾನವನ್ನು ಮೆಂಫಿಸ್‌ಗೆ ಮರಳಿಸಿದ್ದು ಒಂದು ಸಾಹಸ ಕಥೆ. 2023ರ ಅಕ್ಟೋಬರ್‌ನಲ್ಲಿ ಅದೇ ದೇಶದ ಮತ್ತೊಂದು ವಿಮಾನದಲ್ಲಿ, ರಜೆಯ ಮೇಲಿದ್ದ ಪೈಲಟ್ ಒಬ್ಬ ಕಾಕ್‌ಪಿಟ್‌ನ ಹಿಂದಿನ ಸೀಟಿನಿಂದ ಕೈ ಚಾಚಿ ಎಂಜಿನ್‌ಗಳನ್ನು ನಿಲ್ಲಿಸಬಲ್ಲ ಹಿಡಿಗಳನ್ನು ಎಳೆಯಲು ಹೋದ. ಸಿಬ್ಬಂದಿ ತಡೆದರು, ವಿಮಾನ ಪೋರ್ಟ್‌ಲೆಂಡ್‌ನಲ್ಲಿ ಇಳಿಯಿತು.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕಾಕ್‌ಪಿಟ್ ಬಾಗಿಲುಗಳು ಗಟ್ಟಿಯಾದವು, ನಿಯಮಗಳೂ ಗಟ್ಟಿಯಾದವು. ಪರಿಚಯ, ಸ್ನೇಹ, ದಾಕ್ಷಿಣ್ಯಗಳಿಗೆ ಅಲ್ಲಿ ಎಡೆಯಿಲ್ಲ. ನಮ್ಮ ದೇಶದ ಉದಾಹರಣೆಯೇ ಇದೆ. 2023ರ ಫೆಬ್ರವರಿಯಲ್ಲಿ ದುಬೈ ಮಾರ್ಗದ ಏರ್ ಇಂಡಿಯಾ ವಿಮಾನದಲ್ಲಿ ಪೈಲಟ್ ತನ್ನ ಪರಿಚಿತೆಯೊಬ್ಬಳನ್ನು ಕಾಕ್‌ಪಿಟ್ ಒಳಗೆ ಬಿಟ್ಟುಕೊಂಡರು. ಅದೇ ವಿಮಾನದ ಸಿಬ್ಬಂದಿಯೊಬ್ಬರು ದೂರು ಕೊಟ್ಟರು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಸಂಸ್ಥೆಗೆ 30 ಲಕ್ಷ ರೂಪಾಯಿ ದಂಡ ವಿಧಿಸಿ, ಪೈಲಟ್‌ನ ಪರವಾನಗಿಯನ್ನು ಮೂರು ತಿಂಗಳು ಅಮಾನತಿನಲ್ಲಿಟ್ಟಿತು.

ಸೇರುವ ಮುನ್ನ, ಹೊರಡುವ ಮುನ್ನ

ಇಷ್ಟೆಲ್ಲ ಹೇಳಿದ್ದು ವಿಮಾನಯಾನದ ಉದ್ಯೋಗವೇ ಬೇಡವೆಂದಲ್ಲ. ಕಷ್ಟಪಟ್ಟು ದುಡಿಯುವವರಿಗೆ, ರಾತ್ರಿ ಪಾಳಿಗೆ ಅಂಜದವರಿಗೆ, ನಗುಮೊಗದಿಂದ ಜನರೊಡನೆ ಬೆರೆಯಬಲ್ಲವರಿಗೆ ಅದೊಂದು ಒಳ್ಳೆಯ ಕ್ಷೇತ್ರವೇ. ಆದರೆ ಉದ್ಯೋಗವನ್ನು ಅಳೆಯುವಾಗ ಸಂಬಳ, ಕೆಲಸದ ಭದ್ರತೆ, ಬಡ್ತಿ, ಆರೋಗ್ಯ ಇವು ಮೊದಲು ಬರಬೇಕು. ಪಾಸು ಕೊನೆಗೆ ಬರಲಿ. ಪಾಸಿನ ಆಯುಷ್ಯ ಸಂಸ್ಥೆಯ ಆಯುಷ್ಯದಷ್ಟೇ. ಬೆಂಗಳೂರಿನಲ್ಲೇ ನೆಲೆಯಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್ 2005ರಲ್ಲಿ ಹಾರಾಟ ಆರಂಭಿಸಿ, 2008ರಲ್ಲಿ ಬೆಂಗಳೂರಿನಿಂದ ಲಂಡನ್ನಿಗೂ ಹಾರಿ, 2012ರ ಅಕ್ಟೋಬರ್‌ನಲ್ಲಿ ನೆಲಕ್ಕಿಳಿಯಿತು. ತಿಂಗಳುಗಟ್ಟಲೆ ಸಂಬಳವೇ ಬಾರದ ನೌಕರರಿಗೆ ವಿದೇಶ ಪ್ರಯಾಣದ ಸೌಲಭ್ಯ ಇದ್ದರೆಷ್ಟು, ಬಿಟ್ಟರೆಷ್ಟು? 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿದಾಗಲೂ ಆದದ್ದು ಅದೇ.

ಈಗಾಗಲೇ ಮನೆಯಲ್ಲಿ ಒಬ್ಬರು ಈ ಕೆಲಸದಲ್ಲಿದ್ದು, ಪಾಸಿನಲ್ಲಿ ವಿದೇಶಕ್ಕೆ ಹೊರಡುವ ಯೋಚನೆ ಇದ್ದರೆ ಅನುಭವಿಗಳು ಪಾಲಿಸುವ ಕೆಲವು ಸೂತ್ರಗಳಿವೆ. ತಾರೀಖು ತಪ್ಪಿಸಲಾಗದ ಕೆಲಸಗಳಿಗೆ ಪಾಸನ್ನು ನಂಬಬಾರದು. ಪರೀಕ್ಷೆ, ಕಾಲೇಜು ಆರಂಭದ ದಿನ, ಸಂದರ್ಶನ, ಮದುವೆ ಇವಕ್ಕೆ ಖಚಿತ ಟಿಕೆಟ್ಟೇ ಬೇಕು. ಬೇಸಿಗೆ ರಜೆ, ನಮ್ಮ ವಿದ್ಯಾರ್ಥಿಗಳು ಗುಂಪು ಗುಂಪಾಗಿ ಅಮೆರಿಕಕ್ಕೆ ಹೊರಡುವ ಆಗಸ್ಟ್, ಕ್ರಿಸ್‌ಮಸ್ಸಿನ ಡಿಸೆಂಬರ್ ಈ ಕಾಲಗಳಲ್ಲಿ ಖಾಲಿ ಸೀಟು ದುರ್ಲಭ. ವಾರದ ನಡುವಿನ ದಿನಗಳು ವಾಸಿ. ಕೈಯಲ್ಲಿ ಹೊತ್ತು ಹೋಗುವಷ್ಟೇ ಸಾಮಾನಿದ್ದರೆ ಕೊನೆ ಗಳಿಗೆಯ ಕರೆಗೆ ಓಡಲು ಸುಲಭ. ಔಷಧಿಗಳು ಕೈಚೀಲದಲ್ಲೇ ಇರಲಿ. ವೀಸಾದ ಅವಧಿ ಹಿಂದಿರುಗುವ ದಿನಕ್ಕಿಂತ ಎರಡು ವಾರವಾದರೂ ಆಚೆಗಿರಲಿ. ದಾರಿಯಲ್ಲಿ ವಿಮಾನ ಬದಲಿಸುವ ದೇಶದ ವೀಸಾ ನಿಯಮವನ್ನೂ ಮುಂಚೆಯೇ ಕೇಳಿ ತಿಳಿಯಿರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಸೂತ್ರ. ಮರಳಿ ಬರುವ ಪೂರ್ಣ ದರದ ಟಿಕೆಟ್ಟಿಗೆ ಬೇಕಾದಷ್ಟು ಹಣ ಬ್ಯಾಂಕಿನಲ್ಲಿ ಇಲ್ಲದಿದ್ದರೆ ಪಾಸನ್ನು ನೆಚ್ಚಿ ವಿದೇಶಕ್ಕೆ ಹೊರಡಬೇಡಿ. ಮಗಳು ಹೊಸದಾಗಿ ಕೆಲಸಕ್ಕೆ ಸೇರಿ, “ಅಪ್ಪಾ, ಈ ರಜೆಗೆ ಸಿಂಗಪುರಕ್ಕೆ ಹೋಗೋಣ” ಎಂದು ಕರೆದಾಗ ಅಷ್ಟು ಹಣ ಎತ್ತಿಟ್ಟು, ಹಿಂದೆ ಮುಂದೆ ಎರಡು ದಿನ ಬಿಡುವು ಮಾಡಿಕೊಂಡು, ಓದಲು ಒಂದು ಪುಸ್ತಕ ಹಿಡಿದು ಹೊರಡಿ. ಮೊದಲ ದಿನ ಸೀಟು ಸಿಗದಿದ್ದರೆ ಅವಳ ಮೇಲೆ ರೇಗಬೇಡಿ. ಅವಳು ಕೊಡಿಸಿದ್ದು ಕಾಯುವ ಪಟ್ಟಿಯಲ್ಲಿ ಒಂದು ಜಾಗ, ಅವಳ ಕೈಯಲ್ಲಿದ್ದದ್ದೂ ಅಷ್ಟೇ.